ಓಬವ್ವನ ಕಿಂಡಿಯ ಹಾಸ್ಯಕ್ಕೆ ಖಾತೆ ರದ್ದು: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಮಾನ್ಯರೇ, ನಾನು ಚಿತ್ರದುರ್ಗದವನು. ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ. ಅಂತರ್ಜಾಲದ ಪ್ರಶ್ನೋತ್ತರ ತಾಣವೊಂದರಲ್ಲಿ ಹಲವು ವರ್ಷಗಳಿಂದ ನಮ್ಮ ಕೋಟೆಯ ಬಗ್ಗೆ, ಪಾಳೆಯಗಾರರ ಬಗ್ಗೆ ಕೇಳಿದವರಿಗೆ ಉತ್ತರ ಬರೆಯುತ್ತಿದ್ದೆ. ಇತ್ತೀಚೆಗೆ ಹೊರರಾಜ್ಯದವರೊಬ್ಬರು ‘ಚಿತ್ರದುರ್ಗದ ಕೋಟೆಯೊಳಗೆ ಟಿಕೆಟ್ ಇಲ್ಲದೆ ಹೋಗಲು ಬೇರೆ ದಾರಿ ಇದೆಯೇ?’ ಎಂದು ಕೇಳಿದ್ದರು. ನಾನು ತಮಾಷೆಗೆ, ‘ಒಂದು ಕಿಂಡಿಯಿದೆ. ಮೊದಲು ತಲೆ ತೂರಿಸಿ. ಈಚೆ ಬದಿಯಲ್ಲಿ ಒನಕೆ ಹಿಡಿದು ಕಾಯುತ್ತಿರುತ್ತೇವೆ’ ಎಂದು ಇಂಗ್ಲಿಷಿನಲ್ಲಿ ಬರೆದೆ. ಊರಿನವರೆಲ್ಲ ನಕ್ಕರು. ಆದರೆ ತಾಣದವರು ‘ದೈಹಿಕ ಹಿಂಸೆಯ ಬೆದರಿಕೆ’ ಎಂಬ ಕಾರಣ ಕೊಟ್ಟು ನನ್ನ ಖಾತೆಯನ್ನು ಶಾಶ್ವತವಾಗಿ ನಿಷೇಧಿಸಿದ್ದಾರೆ. ಒಂದು ಹಾಸ್ಯಕ್ಕೆ ಇಷ್ಟು ದೊಡ್ಡ ಶಿಕ್ಷೆಯೇ? ಇದು ನನ್ನ ಅಭಿವ್ಯಕ್ತಿ ಸ್ವಾತಂತ್ರ್ಯದ ಉಲ್ಲಂಘನೆಯಲ್ಲವೇ? ಬೇರೆ ಇಮೇಲ್‌ನಿಂದ ಹೊಸ ಖಾತೆ ತೆರೆದುಬಿಡಲೇ?
— ಹೆಸರು ಬೇಡ, ಚಿತ್ರದುರ್ಗ

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅವಸರದಲ್ಲಿ ಕೈ ತಪ್ಪುವುದು ಅಲ್ಲಿಯೇ. ಹೊಸ ಖಾತೆ ತೆರೆಯಬೇಡಿ. ನಿಷೇಧದಿಂದ ತಪ್ಪಿಸಿಕೊಳ್ಳಲು ತೆರೆದ ಖಾತೆಯನ್ನು ಇಂಥ ತಾಣಗಳು ಬೇರೆಯದೇ ಆದ, ಹೆಚ್ಚು ಗಂಭೀರವಾದ ಉಲ್ಲಂಘನೆಯೆಂದು ಎಣಿಸುತ್ತವೆ. ಇಂದು ನಿಮ್ಮ ಮೇಲಿರುವುದು ಅಪಾರ್ಥದಿಂದ ಹುಟ್ಟಿದ ಆರೋಪ. ನಾಳೆ ಅದು ನಿಜವಾದ ಆರೋಪವಾಗುತ್ತದೆ, ಮೊದಲನೆಯದರ ಬಗ್ಗೆ ನೀವು ಹೇಳುವ ಮಾತಿಗೂ ಬೆಲೆ ಇಲ್ಲದಾಗುತ್ತದೆ.

ಇನ್ನು ಹಾಸ್ಯದ ಮಾತು. ನಿಮ್ಮ ಪತ್ರ ಓದಿ ನಾನೂ ನಕ್ಕೆ. ಟಿಕೆಟ್ ಕೊಳ್ಳದೆ ಕೋಟೆಗೆ ನುಗ್ಗಲು ದಾರಿ ಕೇಳಿದವರಿಗೆ ಹೈದರಾಲಿಯ ಸೈನಿಕರು ಹುಡುಕಿಕೊಂಡ ದಾರಿಯನ್ನೇ ತೋರಿಸುವುದು, ಅಲ್ಲಿ ಅವರಿಗೆ ಏನು ಕಾದಿತ್ತೆಂಬುದನ್ನು ಹೇಳಿಯೂ ಹೇಳದಂತೆ ಬಿಡುವುದು, ದುರ್ಗದವರಿಗೆ ಮಾತ್ರ ಹೊಳೆಯುವ ಮಾತು. ಆದರೆ ಈ ಹಾಸ್ಯದ ಮುಕ್ಕಾಲು ಪಾಲು ನೀವು ಬರೆದ ಸಾಲಿನಲ್ಲಿಲ್ಲ, ಓದುವವರ ತಲೆಯಲ್ಲಿದೆ. ಓಬವ್ವನ ಕಥೆಯನ್ನು ಪ್ರಾಥಮಿಕ ಶಾಲೆಯಲ್ಲಿಯೇ ಕೇಳಿ ಬೆಳೆದವರಿಗೆ ‘ಕಿಂಡಿ’, ‘ಒನಕೆ’ ಎಂಬೆರಡು ಸುಳಿವು ಸಾಕು. ಕಥೆ ಗೊತ್ತಿಲ್ಲದವರ ಕೈಗೆ ಸಿಗುವುದಾದರೂ ಏನು? ಅಪರಿಚಿತನೊಬ್ಬ ಮತ್ತೊಬ್ಬ ಅಪರಿಚಿತನಿಗೆ, ನೀನು ತಲೆ ಹಾಕು, ನಾವು ದೊಣ್ಣೆ ಹಿಡಿದು ಕಾಯುತ್ತಿರುತ್ತೇವೆ ಎಂದಿದ್ದಾನೆ, ಅಷ್ಟೇ. ದೂರು ಬಂದ ಬರಹಗಳನ್ನು ಸೋಸುವ ಕೆಲಸ ಇಂದು ಮೊದಲು ಯಂತ್ರದ್ದು, ಆಮೇಲೆ ಎಲ್ಲಿಯೋ ಕುಳಿತು ಒಂದಾದ ಮೇಲೊಂದು ದೂರು ವಿಲೇವಾರಿ ಮಾಡುವ ಮನುಷ್ಯನದು. ಆ ಮನುಷ್ಯನಿಗೆ ಚಿತ್ರದುರ್ಗ ಯಾವ ದಿಕ್ಕಿನಲ್ಲಿದೆ ಎಂಬುದೂ ತಿಳಿದಿರಲಿಕ್ಕಿಲ್ಲ.

ಇದೇನೂ ಹೊಸ ತೊಡಕಲ್ಲ. 1982ರ ಸೆಪ್ಟೆಂಬರಿನಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಜಾಲದಲ್ಲಿ ಒಬ್ಬರು ಭೌತವಿಜ್ಞಾನದ ಪ್ರಶ್ನೆಯೊಂದನ್ನು ಕೇಳಿದ್ದರು: ಹಗ್ಗ ಕಡಿದು ಕೆಳಗೆ ಬೀಳುತ್ತಿರುವ ಲಿಫ್ಟಿನೊಳಗೆ ಉರಿಯುವ ಮೇಣದಬತ್ತಿಯೂ ಒಂದು ಹನಿ ಪಾದರಸವೂ ಇದ್ದರೆ ಏನಾಗುತ್ತದೆ? ಅದಕ್ಕೆ ಮತ್ತೊಬ್ಬರು ತಮಾಷೆಯಾಗಿ, ಪ್ರಯೋಗ ನಡೆಸಿದ ಕಾರಣ ಎಡತುದಿಯ ಲಿಫ್ಟಿನಲ್ಲಿ ಪಾದರಸ ಚೆಲ್ಲಿದೆ, ಬೆಂಕಿಯಿಂದ ಸ್ವಲ್ಪ ಹಾನಿಯೂ ಆಗಿದೆ, ಎಚ್ಚರಿಕೆ ಎಂದು ಬರೆದರು. ಹಿಂದಿನ ಪ್ರಶ್ನೆಯನ್ನು ಓದದೆ ಆ ಎಚ್ಚರಿಕೆಯನ್ನಷ್ಟೇ ಓದಿದ ಕೆಲವರು ಅದನ್ನು ನಿಜವೆಂದೇ ನಂಬಿದರು. ಈ ಗೊಂದಲದ ಚರ್ಚೆಯಲ್ಲಿಯೇ, ಸೆಪ್ಟೆಂಬರ್ 19ರಂದು, ಸ್ಕಾಟ್ ಫಾಲ್ಮನ್ ಎಂಬ ಕಂಪ್ಯೂಟರ್ ವಿಜ್ಞಾನಿ ತಮಾಷೆಯ ಮಾತಿನ ಮುಂದೆ :-) ಎಂಬ ಗುರುತು ಹಾಕೋಣವೆಂದು ಸಲಹೆ ಕೊಟ್ಟರು. ಇಂದು ನಮ್ಮ ವಾಟ್ಸ್ಆ್ಯಪ್ ತುಂಬ ಓಡಾಡುವ ನಗುಮೊಗಗಳ ವಂಶದ ಮೂಲ, ಉತ್ತರದ ಜಾಗದಲ್ಲಿ ಬರೆದ ಒಂದು ಹಾಸ್ಯ ಅಪಾರ್ಥವಾದದ್ದರಲ್ಲಿ ಇದೆ. ಅದೂ ಒಂದೇ ವಿಶ್ವವಿದ್ಯಾಲಯದ, ಒಂದೇ ಕಟ್ಟಡದ ಲಿಫ್ಟು ಹತ್ತುವ ಜನರ ನಡುವೆ.

ಇದಕ್ಕಿಂತ ಕಹಿಯಾದದ್ದು ಇಂಗ್ಲೆಂಡಿನ ಪಾಲ್ ಚೇಂಬರ್ಸ್ ಪ್ರಕರಣ. 2010ರ ಜನವರಿಯಲ್ಲಿ ಹಿಮ ಬಿದ್ದು ವಿಮಾನ ನಿಲ್ದಾಣ ಮುಚ್ಚಿದ್ದಕ್ಕೆ ರೇಗಿದ ಆತ, ಇನ್ನೊಂದು ವಾರದಲ್ಲಿ ಎಲ್ಲವನ್ನೂ ಸರಿಪಡಿಸದಿದ್ದರೆ ನಿಲ್ದಾಣವನ್ನೇ ಉಡಾಯಿಸಿಬಿಡುತ್ತೇನೆ ಎಂಬರ್ಥದ ಸಾಲನ್ನು ಟ್ವಿಟರ್‌ನಲ್ಲಿ ಬರೆದ. ನಿಲ್ದಾಣದ ಭದ್ರತಾ ಸಿಬ್ಬಂದಿಯೇ ಅದನ್ನು ನಂಬಲರ್ಹವಲ್ಲದ ಬೆದರಿಕೆಯೆಂದು ಗುರುತಿಸಿದ್ದರೂ ವಿಷಯ ಪೊಲೀಸರಿಗೆ ಹೋಯಿತು. ಆತನಿಗೆ ದಂಡ ಬಿತ್ತು, ಕೆಲಸವೂ ಹೋಯಿತು. 2012ರ ಜುಲೈನಲ್ಲಿ ಅಲ್ಲಿನ ಹೈಕೋರ್ಟು ಶಿಕ್ಷೆಯನ್ನು ರದ್ದುಪಡಿಸಿತು. ಬರಹವನ್ನು ಅದರ ಸಂದರ್ಭದೊಂದಿಗೆ ಓದಬೇಕು ಎಂಬ ಸರಳ ಮಾತು ಸ್ಥಾಪಿತವಾಗಲು ಎರಡೂವರೆ ವರ್ಷ ಬೇಕಾಯಿತು. ಹಾಗೆ ನೋಡಿದರೆ ನಿಮಗೆ ಹೋಗಿರುವುದು ಒಂದು ಖಾತೆ ಮಾತ್ರ. ಆದರೆ ಹಲವು ವರ್ಷ ಕುಳಿತು ಬರೆದ ಉತ್ತರಗಳು ಅದರೊಂದಿಗೆ ಹೋಗಿವೆ ಎಂಬ ನಿಮ್ಮ ಸಂಕಟವನ್ನು ನಾನು ಹಗುರವಾಗಿ ಕಾಣುತ್ತಿಲ್ಲ.

ಅಭಿವ್ಯಕ್ತಿ ಸ್ವಾತಂತ್ರ್ಯದ ಪ್ರಶ್ನೆಗೆ ನಿಮಗೆ ಹಿತವಾಗುವ ಉತ್ತರ ನನ್ನಲ್ಲಿಲ್ಲ. ಸಂವಿಧಾನದ 19(1)(ಎ) ವಿಧಿ ಮುಖ್ಯವಾಗಿ ಸರ್ಕಾರದ ಕೈ ಕಟ್ಟುವಂಥದ್ದು. ತಾಣ ಖಾಸಗಿ ಕಂಪನಿಯದು, ಸೇರುವಾಗ ಅದರ ಷರತ್ತುಗಳಿಗೆ ‘ಒಪ್ಪಿದ್ದೇನೆ’ ಎಂದು ಒತ್ತಿದವರು ನೀವು. ಹಿರಿಯ ವಕೀಲರಾದ ಸಂಜಯ್ ಹೆಗ್ಡೆ ಅವರ ಟ್ವಿಟರ್ ಖಾತೆ 2019ರಲ್ಲಿ ಅಮಾನತಾದದ್ದು ನಿಮಗೆ ನೆನಪಿರಬಹುದು. ಹಿಟ್ಲರನ ಕಾಲದ ಜರ್ಮನಿಯಲ್ಲಿ ಎಲ್ಲರೂ ಕೈ ಚಾಚಿ ವಂದಿಸುತ್ತಿರುವಾಗ ಒಬ್ಬನೇ ಕೈ ಕಟ್ಟಿ ನಿಂತಿರುವ ಪ್ರಸಿದ್ಧ ಚಿತ್ರವನ್ನು ಅವರು ಹಾಕಿಕೊಂಡಿದ್ದರು. ನಾಜಿಗಳನ್ನು ಧಿಕ್ಕರಿಸುವ ಚಿತ್ರವೇ ದ್ವೇಷದ ಚಿತ್ರವೆಂದು ಪರಿಗಣಿತವಾಯಿತು. ಅವರು ದೆಹಲಿ ಹೈಕೋರ್ಟಿನ ಮೆಟ್ಟಿಲೇರಬೇಕಾಯಿತು. ಕಾನೂನನ್ನು ಅರೆದು ಕುಡಿದವರಿಗೇ ಹೀಗಾದರೆ, ಕೋರ್ಟಿನ ದಾರಿ ನಿಮಗೆ ಮೊದಲ ದಾರಿಯಂತೂ ಅಲ್ಲ.

ಹಾಗೆಂದು ಕೈಚೆಲ್ಲಿ ಕೂರಬೇಕಾಗಿಲ್ಲ. ಮೊದಲು ತಾಣದೊಳಗಿನ ಮೇಲ್ಮನವಿ. ಅದು ಫಲಿಸದಿದ್ದರೆ ಆ ಕಂಪನಿಯ ಕುಂದುಕೊರತೆ ಅಧಿಕಾರಿಗೆ ದೂರು ಕೊಡಿ. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ ಭಾರತದಲ್ಲಿ ಸೇವೆ ನೀಡುವ ತಾಣಗಳು ಅಂಥ ಅಧಿಕಾರಿಯ ಹೆಸರು ಮತ್ತು ಸಂಪರ್ಕವನ್ನು ಪ್ರಕಟಿಸಬೇಕು, ದೂರಿಗೆ 24 ಗಂಟೆಯೊಳಗೆ ಸ್ವೀಕೃತಿ ಕೊಡಬೇಕು, ನಿಗದಿತ ಗಡುವಿನೊಳಗೆ ಇತ್ಯರ್ಥಪಡಿಸಬೇಕು. ಅಲ್ಲಿಯೂ ನ್ಯಾಯ ಸಿಗಲಿಲ್ಲವೆನಿಸಿದರೆ, 2022ರ ಅಕ್ಟೋಬರಿನ ತಿದ್ದುಪಡಿಯಿಂದ ಹುಟ್ಟಿದ ಕುಂದುಕೊರತೆ ಮೇಲ್ಮನವಿ ಸಮಿತಿಗೆ, ಅಧಿಕಾರಿಯ ಉತ್ತರ ತಲುಪಿದ 30 ದಿನದೊಳಗೆ ಹೋಗಬಹುದು. ಎಲ್ಲವೂ ಆನ್‌ಲೈನ್, ವಕೀಲರನ್ನು ಹಿಡಿಯಬೇಕಾಗಿಲ್ಲ, ಬೆಂಗಳೂರಿಗೂ ದೆಹಲಿಗೂ ಬಸ್ಸು ಹತ್ತಬೇಕಾಗಿಲ್ಲ. ಆದರೆ ಷರತ್ತು ಮೀರಿದವರ ಪ್ರವೇಶವನ್ನು ರದ್ದುಪಡಿಸುವ ಅಧಿಕಾರ ತಾಣಕ್ಕಿದೆ ಎಂಬುದನ್ನೂ ಇದೇ ನಿಯಮಗಳು ಒಪ್ಪುತ್ತವೆ. ಆದ್ದರಿಂದ ನಿಮ್ಮ ವಾದ ‘ನನಗೆ ಹಕ್ಕಿದೆ’ ಎಂದಾಗಬಾರದು, ‘ನಾನು ಷರತ್ತು ಮೀರಿಲ್ಲ’ ಎಂದಾಗಬೇಕು.

ಮೇಲ್ಮನವಿ ಹೀಗಿರಲಿ, ಇಂಗ್ಲಿಷಿನಲ್ಲಿ ಬರೆದುಕೊಳ್ಳಿ. ‘ಪ್ರಶ್ನೆ ಚಿತ್ರದುರ್ಗದ ಕೋಟೆಯನ್ನು ಕುರಿತದ್ದಾಗಿತ್ತು. ಹದಿನೆಂಟನೆಯ ಶತಮಾನದಲ್ಲಿ ಆ ಕೋಟೆಯ ಕಿಂಡಿಯೊಂದರ ಮೂಲಕ ನುಸುಳುತ್ತಿದ್ದ ಶತ್ರು ಸೈನಿಕರನ್ನು ಓಬವ್ವ ಎಂಬ ಮಹಿಳೆ ಒನಕೆಯಿಂದ ಹೊಡೆದಳೆಂಬುದು ಕರ್ನಾಟಕದಲ್ಲಿ ಮನೆಮಾತಾದ ಕಥೆ. ಪ್ರವಾಸಿಗರು ಇಂದಿಗೂ ಆ ಕಿಂಡಿಯನ್ನು ನೋಡಲು ಬರುತ್ತಾರೆ. ರಾಜ್ಯ ಸರ್ಕಾರ 2021ರಿಂದ ನವೆಂಬರ್ 11ರಂದು ಓಬವ್ವ ಜಯಂತಿಯನ್ನು ಆಚರಿಸುತ್ತಿದೆ. ನನ್ನ ಸಾಲುಗಳು ಆ ಕಥೆಯನ್ನು ನೆನಪಿಸುವ ಹಾಸ್ಯವೇ ಹೊರತು ಪ್ರಶ್ನೆ ಕೇಳಿದವರಿಗೆ ಹಾಕಿದ ಬೆದರಿಕೆಯಲ್ಲ. ಕಥೆ ತಿಳಿಯದವರಿಗೆ ಅದು ಬೆದರಿಕೆಯಂತೆ ಕಾಣಬಹುದೆಂದು ಒಪ್ಪುತ್ತೇನೆ. ಆ ಉತ್ತರವನ್ನು ತೆಗೆದುಹಾಕಲು ನನ್ನ ಅಭ್ಯಂತರವಿಲ್ಲ. ಖಾತೆಯನ್ನು ಮರಳಿಸಬೇಕೆಂದು ಕೋರುತ್ತೇನೆ.’ ನೀವು ಊರಿನಲ್ಲಿಯೇ ಇರುವವರು, ಕಿಂಡಿಯ ಫೋಟೊವೊಂದನ್ನು ತೆಗೆದು ಜೊತೆಗೆ ಲಗತ್ತಿಸಿ. ಬೇರೆಯವರು ಇದಕ್ಕಿಂತ ಕೆಟ್ಟದಾಗಿ ಬರೆದಿದ್ದಾರೆ ಎಂಬ ಹೋಲಿಕೆ ಬೇಡ, ವ್ಯಂಗ್ಯವಂತೂ ಬೇಡವೇ ಬೇಡ. ಒಮ್ಮೆ ಕಳುಹಿಸಿ ಕಾಯಿರಿ. ಮೂರು ಹೊತ್ತೂ ನೆನಪೋಲೆ ಬರೆದರೆ ಸರದಿ ಮುಂದೆ ಬರುವುದಿಲ್ಲ.

ಶಿಕ್ಷೆಯ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟ. ಉತ್ತರವನ್ನು ಅಳಿಸಿದ್ದರೆ ತಾಣವನ್ನು ನಾನು ದೂರುತ್ತಿರಲಿಲ್ಲ. ಹಿಂದೆ ಒಂದು ಎಚ್ಚರಿಕೆಯೂ ಬಂದಿರಲಿಲ್ಲವೆಂದಾದರೆ ನಿಮ್ಮನ್ನು ಶಾಶ್ವತವಾಗಿ ಹೊರದಬ್ಬಿದ್ದು ಅತಿಯಾಯಿತು. ಪ್ರೋಗ್ರಾಮರುಗಳ ಪ್ರಶ್ನೋತ್ತರಕ್ಕೆಂದೇ 2008ರಲ್ಲಿ ಆರಂಭವಾದ ಸ್ಟ್ಯಾಕ್ ಓವರ್‌ಫ್ಲೋ ತಾಣ ಕಟ್ಟುನಿಟ್ಟಿಗೆ ಹೆಸರಾದದ್ದು. ಅಲ್ಲಿಯೂ ಸಾಮಾನ್ಯವಾಗಿ ಮೊದಲ ಅಮಾನತು 7 ದಿನದ್ದು, ನಂತರ 30 ದಿನ, ಅದಕ್ಕೂ ಬಗ್ಗದಿದ್ದರೆ 365 ದಿನ. ಅಮಾನತಿನ ಅವಧಿಯಲ್ಲಿ, ಇತರ ಸದಸ್ಯರ ಮೆಚ್ಚುಗೆಯಿಂದ ಎಷ್ಟೇ ಅಂಕ ಗಳಿಸಿದವರಿಗೂ ಒಂದೇ ಅಂಕ ಎಂದು ತೋರಿಸಲಾಗುತ್ತದೆ, ಅವಧಿ ಮುಗಿದೊಡನೆ ಹಳೆಯ ಅಂಕಗಳು ಮರಳುತ್ತವೆ. ಮುಖ ಸಣ್ಣದು ಮಾಡಿದರೂ ಬಾಗಿಲು ಮುಚ್ಚುವುದಿಲ್ಲ.

ಪ್ರಶ್ನೆ: ನಮ್ಮ ಭಾಗದ ಹರಪನಹಳ್ಳಿಯಲ್ಲಿ ಹುಟ್ಟಿದ ಬೀಚಿಯವರು ವಾರಪತ್ರಿಕೆಯಲ್ಲಿ ಓದುಗರ ಪ್ರಶ್ನೆಗಳಿಗೆ ನಗೆಯುತ್ತರವನ್ನೇ ಕೊಟ್ಟು ಮನೆಮನೆಗೂ ಬೇಕಾದವರಾದರು. ಈಗಿನ ಪ್ರಶ್ನೋತ್ತರ ತಾಣಗಳಲ್ಲಿ ಒಂದು ತಮಾಷೆ ಬರೆದರೆ ಉತ್ತರ ಮಾಯವಾಗುತ್ತದೆ. ಬೀಚಿಯವರು ಇಂದು ಇದ್ದಿದ್ದರೆ ಅವರನ್ನೂ ಹೊರಹಾಕುತ್ತಿದ್ದರೇ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಹರಪನಹಳ್ಳಿಯನ್ನು ನಿಮ್ಮದೆಂದು ಹೇಳಿಕೊಂಡದ್ದಕ್ಕೆ ಬಳ್ಳಾರಿ, ವಿಜಯನಗರ ಜಿಲ್ಲೆಗಳ ಓದುಗರು ಜಗಳಕ್ಕೆ ಬಂದಾರು, 1997ರಲ್ಲಿ ಜಿಲ್ಲೆ ರಚನೆಯಾದಾಗ ದಾವಣಗೆರೆಗೆ ಸೇರಿದ ತಾಲ್ಲೂಕು ಈಗ ಅಲ್ಲಿಲ್ಲ. ಅದಿರಲಿ. ಬೀಚಿಯವರ ಅಂಕಣವನ್ನು ತೆರೆದವರು ನಗಲೆಂದೇ ತೆರೆಯುತ್ತಿದ್ದರು, ಪ್ರಶ್ನೆಗಳನ್ನೂ ಹಾಗೆಯೇ ಕಳುಹಿಸುತ್ತಿದ್ದರು. ಜ್ವರದ ಮಾತ್ರೆಯನ್ನು ಎಷ್ಟು ಹೊತ್ತಿಗೆ ತೆಗೆದುಕೊಳ್ಳಬೇಕೆಂದು ಯಾರೂ ಅವರನ್ನು ಕೇಳುತ್ತಿರಲಿಲ್ಲ. ಪ್ರಶ್ನೋತ್ತರ ತಾಣಕ್ಕೆ ಬರುವವರಲ್ಲಿ ಹೆಚ್ಚಿನವರು ಏನನ್ನೋ ಹುಡುಕುತ್ತ, ಗೂಗಲ್ ತೋರಿಸಿದ ದಾರಿ ಹಿಡಿದು, ಎಷ್ಟೋ ವರ್ಷಗಳ ನಂತರ ಬರುವವರು. ಅವರಿಗೆ ಬೇಕಾದ ಉತ್ತರದ ಜಾಗದಲ್ಲಿ ನಗೆಮಾತು ಕುಳಿತಿದ್ದರೆ ಸಿಟ್ಟು ಬರುವುದು ಸಹಜ.

ಆದರೂ ಆ ತಾಣಗಳಲ್ಲಿ ನಗೆಗೆ ಜಾಗವೇ ಇಲ್ಲವೆಂಬುದು ಸರಿಯಲ್ಲ. ಸ್ಟ್ಯಾಕ್ ಓವರ್‌ಫ್ಲೋದಲ್ಲಿ 2009ರಲ್ಲಿ ಒಬ್ಬರು, ಎಚ್‌ಟಿಎಂಎಲ್ ಭಾಷೆಯಲ್ಲಿ ಬರೆದ ಜಾಲಪುಟವನ್ನು, ಪಠ್ಯದಲ್ಲಿ ಅಕ್ಷರಗಳ ಮಾದರಿ ಹುಡುಕುವ ರೆಗ್ಯುಲರ್ ಎಕ್ಸ್‌ಪ್ರೆಶನ್ ಎಂಬ ಸಾಧನದಿಂದ ಬಿಡಿಸಲು ಹೋಗಬೇಡಿ ಎಂದು ಹೇಳುತ್ತ ಹೇಳುತ್ತ ಹುಚ್ಚು ಹಿಡಿದವರಂತೆ ಬರೆದ ಉತ್ತರವಿದೆ. ಕೊನೆಕೊನೆಗೆ ಅಕ್ಷರಗಳೇ ಸಾಲು ಬಿಟ್ಟು ಮೇಲಕ್ಕೂ ಕೆಳಕ್ಕೂ ಹರಡಿಕೊಳ್ಳುತ್ತವೆ. ಸಾವಿರಾರು ಮಂದಿ ಮೆಚ್ಚಿದ ಆ ಉತ್ತರವನ್ನು ಮಾಡರೇಟರುಗಳು ಅಳಿಸಲಿಲ್ಲ, ಯಾರೂ ತಿದ್ದದಂತೆ ಬೀಗ ಹಾಕಿ ಉಳಿಸಿಕೊಂಡರು. ಅಷ್ಟೆಲ್ಲ ಕುಣಿದಾಟದ ಒಳಗೆ ಹೇಳಬೇಕಾದ ತಾಂತ್ರಿಕ ಮಾತು ಸರಿಯಾಗಿಯೇ ಇತ್ತು ಎಂಬುದು ಅದಕ್ಕೆ ಒಂದು ಮುಖ್ಯ ಕಾರಣವೆಂದು ನನಗನ್ನಿಸುತ್ತದೆ. ದಾವಣಗೆರೆಯಲ್ಲಿ ಬೆಣ್ಣೆ ದೋಸೆ ತಿನ್ನಲು ಯಾವಾಗ ಹೋಗಬೇಕೆಂದು ಯಾರಾದರೂ ಕೇಳಿದರೆ, ‘ರಕ್ತಪರೀಕ್ಷೆಯ ವರದಿ ಬರುವ ಮೊದಲು’ ಎಂದಷ್ಟೇ ಬರೆದು ಬಿಡಬೇಡಿ. ಬೆಳಿಗ್ಗೆ ಬೇಗ ಹೋದರೆ ಕಾಯುವುದು ಕಡಿಮೆ, ಜೊತೆಗೆ ಚಟ್ನಿ, ಆಲೂಗಡ್ಡೆ ಪಲ್ಯ ಕೊಡುತ್ತಾರೆ ಎಂದು ಮೊದಲು ಬರೆಯಿರಿ, ವರದಿಯ ಮಾತನ್ನು ಕೊನೆಯಲ್ಲಿ ಸೇರಿಸಿ. ಆಗ ಅಳಿಸಬಂದವರೂ ಕೈ ತಡೆದಾರು.

ಪ್ರಶ್ನೆ: ಕನ್ನಡದ ಪ್ರಶ್ನೋತ್ತರ ಬಳಗವೊಂದಕ್ಕೆ ನಾನು ಸಂಬಳವಿಲ್ಲದ ಅಡ್ಮಿನ್. ಹಾಸ್ಯದ ಉತ್ತರ ತೆಗೆದರೆ ‘ಅಡ್ಮಿನ್ ಮೇಡಂಗೆ ನಗಲು ಬರುವುದಿಲ್ಲ’ ಎನ್ನುತ್ತಾರೆ, ಬಿಟ್ಟರೆ ನೊಂದವರು ದೂರುತ್ತಾರೆ. ಎಲ್ಲಿ ಗೆರೆ ಎಳೆಯಲಿ?
— ಗೃಹಿಣಿ, ಹರಿಹರ

ಉತ್ತರ: ಹಾಸ್ಯ ಯಾರ ಮೇಲೆ ಬಿದ್ದಿದೆ ಎಂದು ನೋಡಿ. ಬರೆದವರು ತಮ್ಮನ್ನೋ ತಮ್ಮ ಊರನ್ನೋ ಗೇಲಿ ಮಾಡಿಕೊಂಡಿದ್ದರೆ, ಅಥವಾ ಪ್ರಶ್ನೆಯನ್ನಷ್ಟೇ ಕೆಣಕಿದ್ದರೆ, ನಿಮಗೆ ನಗು ಬರದಿದ್ದರೂ ಇರಲಿ ಬಿಡಿ. ಕೇಳಿದವರ ಜಾತಿ, ಮೈಬಣ್ಣ, ಆಡುಮಾತಿನ ಧಾಟಿ, ಹೆಣ್ಣೆಂಬ ಕಾರಣ ಇವುಗಳ ಮೇಲೆ ಬಿದ್ದಿದ್ದರೆ ತೆಗೆಯಿರಿ, ‘ತಮಾಷೆಗೆ ಅಂದೆ’ ಎಂಬ ಸಮಜಾಯಿಷಿಗೆ ಸೊಪ್ಪು ಹಾಕಬೇಡಿ. ಮೇಲೆ ಪತ್ರ ಬರೆದ ಚಿತ್ರದುರ್ಗದ ಮೇಷ್ಟ್ರಿಗೂ ಇಂಥವರಿಗೂ ಅಂತರವಿದೆ. ಅವರು ತಮ್ಮ ಹಾಸ್ಯವನ್ನು ಬಿಡಿಸಿ ಹೇಳಬಲ್ಲರು, ಹೇಳಿದ ಮೇಲೂ ಅದು ಯಾರನ್ನೂ ನೋಯಿಸುವುದಿಲ್ಲ. ಇವರು ಬಿಡಿಸಿ ಹೇಳುತ್ತ ಹೋದಷ್ಟೂ ಒಳಗಿನ ಕೊಳಕೇ ಹೊರಬರುತ್ತದೆ.

ಉತ್ತರವನ್ನು ತೆಗೆಯುವುದು ಬೇರೆ, ಬರೆದವರನ್ನು ತೆಗೆಯುವುದು ಬೇರೆ. ಮೊದಲನೆಯದಕ್ಕೆ ನಿಮ್ಮ ವಿವೇಚನೆ ಸಾಕು, ಎರಡನೆಯದಕ್ಕೆ ಇನ್ನೊಬ್ಬ ಅಡ್ಮಿನ್ನರ ಒಪ್ಪಿಗೆ ಇರಲಿ. ತೆಗೆದಾಗಲೆಲ್ಲ ಕಾರಣವನ್ನು ಒಂದು ಸಾಲಿನಲ್ಲಿ ಅವರಿಗೇ ಖಾಸಗಿಯಾಗಿ ಬರೆಯಿರಿ, ಎಲ್ಲರೆದುರು ವಾದಕ್ಕಿಳಿಯಬೇಡಿ. ನಿಮಗೆ ತಿಳಿಯದ ಊರಿನ ಮಾತು ಬಂದರೆ ಆ ಕಡೆಯ ಸದಸ್ಯರೊಬ್ಬರನ್ನು ಕೇಳಿದ ಮೇಲೆಯೇ ನಿರ್ಧರಿಸಿ. ನೀವು ಹೊರಹಾಕಿದವರು ಮೇಲ್ಮನವಿ ಸಲ್ಲಿಸಿದರೆ ಅದನ್ನು ನೀವು ವಿಚಾರಿಸದೆ ಬಳಗದ ಬೇರೊಬ್ಬರಿಗೆ ಒಪ್ಪಿಸಿ.