ಮಧ್ಯಸ್ಥಿಕೆ ಅಂದರೆ ಮತ್ತೆ ಆ ಜಗಲಿಯೇ?

ತಿಪಟೂರು ಕಡೆಯ ಓದುಗರೊಬ್ಬರು ಬರೆದಿದ್ದಾರೆ: ‘ಅಪ್ಪ ತೀರಿಕೊಂಡ ಮೇಲೆ ತೆಂಗಿನ ತೋಟದಲ್ಲಿ ನನ್ನ ಪಾಲು ಕೇಳಿದೆ. ಊರಿನ ಹಿರಿಯರು ದೇವಸ್ಥಾನದ ಜಗಲಿ ಮೇಲೆ ಕೂರಿಸಿ, ತವರಿನ ಬಾಗಿಲು ಮುಚ್ಚಿಕೊಳ್ಳಬೇಡ, ಅರಿಶಿನ ಕುಂಕುಮಕ್ಕೆ ಅಂತ ಒಂದಿಷ್ಟು ತಗೊಂಡು ಸಹಿ ಹಾಕು ಅಂದರು. ಹಾಕಲಿಲ್ಲ. ಭಾಗದ ದಾವೆ ಹಾಕಿ ನಾಲ್ಕು ವರ್ಷ ಆಯಿತು. ಅಮ್ಮ ಅಣ್ಣನ ಜೊತೆ ಇದ್ದಾರೆ. ಈಗ ಜಡ್ಜ್ ಸಾಹೇಬರು ಮಧ್ಯಸ್ಥಿಕೆಗೆ ಹೋಗಿ ಅಂತಿದ್ದಾರೆ. ಮತ್ತೆ ಅದೇ ಜಗಲಿಗೆ ಕಳಿಸ್ತಿದ್ದಾರಾ?’

ಇಲ್ಲಮ್ಮ. ನಿಮ್ಮ ಹೆದರಿಕೆ ನನಗೆ ಅರ್ಥವಾಗುತ್ತದೆ. ಆದರೆ ಎರಡೂ ಒಂದಲ್ಲ.

ಆ ಜಗಲಿಯಲ್ಲಿ ಕೂತವರು ಮನಸ್ಸಿನಲ್ಲೇ ತೀರ್ಪು ಬರೆದುಕೊಂಡು ಬಂದಿದ್ದರು. ಮಧ್ಯಸ್ಥಿಕೆದಾರರಿಗೆ ತೀರ್ಪು ಕೊಡುವ ಅಧಿಕಾರವೇ ಇಲ್ಲ. ಅವರು ಸಾಮಾನ್ಯವಾಗಿ ಇದಕ್ಕೆಂದೇ ತರಬೇತಿ ಪಡೆದ ವಕೀಲರು. ಇಬ್ಬರನ್ನೂ ಒಟ್ಟಿಗೆ ಕೂರಿಸುತ್ತಾರೆ, ಆಮೇಲೆ ಒಬ್ಬೊಬ್ಬರನ್ನೇ ಬೇರೆಯಾಗಿ ಕೇಳುತ್ತಾರೆ. ಅಣ್ಣನ ಎದುರು ಹೇಳಲಾಗದ ಮಾತನ್ನು ಅಲ್ಲಿ ಹೇಳಬಹುದು. ನೀವು ಒಪ್ಪದೆ ಅದು ಅಣ್ಣನ ಕಿವಿಗೆ ಹೋಗುವಂತಿಲ್ಲ. ಜಡ್ಜ್ ಕಿವಿಗೂ ಅಷ್ಟೇ. ರಾಜಿ ಆಗದಿದ್ದರೆ ‘ಆಗಲಿಲ್ಲ’ ಅಂತ ವರದಿ ಹೋಗುತ್ತದೆ, ಕೇಸು ನಿಂತಲ್ಲಿಂದ ಮುಂದುವರಿಯುತ್ತದೆ. ನಿಮ್ಮ ವಕೀಲರೂ ಪಕ್ಕದಲ್ಲಿರಬಹುದು.

ಇದು ಜಡ್ಜ್ ತಲೆ ತಪ್ಪಿಸಿಕೊಳ್ಳುವ ದಾರಿಯೂ ಅಲ್ಲ. ರಾಜಿಯ ಸಾಧ್ಯತೆ ಕಂಡರೆ ಕೋರ್ಟು ಕೇಸನ್ನು ಮಧ್ಯಸ್ಥಿಕೆಗೆ ಕಳಿಸಬಹುದು ಅನ್ನುವ ಸಿವಿಲ್ ಪ್ರಕ್ರಿಯಾ ಸಂಹಿತೆಯ 89ನೇ ಕಲಮು 2002ರಲ್ಲೇ ಜಾರಿಗೆ ಬಂತು. ಬೆಂಗಳೂರಿನಲ್ಲಿ ಹೈಕೋರ್ಟಿನ ಆಶ್ರಯದಲ್ಲಿ ಮಧ್ಯಸ್ಥಿಕೆ ಕೇಂದ್ರ ಶುರುವಾಗಿದ್ದು 2007ರಲ್ಲಿ. 2023ರಲ್ಲಿ ಇದಕ್ಕೇ ಬೇರೆ ಕಾಯ್ದೆಯೂ ಬಂತು.

ನಿಮ್ಮ ಹಕ್ಕಿನ ಬಗ್ಗೆ ಸಂಶಯ ಬೇಡ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕು ಅಂತ ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಹೇಳಿತು. ಅದು ಹುಟ್ಟಿನಿಂದಲೇ ಬರುವ ಹಕ್ಕು ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಮಧ್ಯಸ್ಥಿಕೆಗೆ ಹೋದ ಮಾತ್ರಕ್ಕೆ ಅದು ಕರಗುವುದಿಲ್ಲ.

ಹಾಗಾದರೆ ಗೆಲ್ಲುವ ಕೇಸನ್ನು ಬಿಟ್ಟು ಯಾಕೆ ಹೋಗಬೇಕು? ಗೆದ್ದರೆ ಏನು ಸಿಗುತ್ತದೆ ನೋಡಿ. ಭಾಗದ ದಾವೆಯಲ್ಲಿ ಸಾಮಾನ್ಯವಾಗಿ ಮೊದಲು ಬರುವುದು ಪ್ರಾಥಮಿಕ ಡಿಕ್ರಿ. ‘ಇವರಿಗೆ ಇಷ್ಟು ಪಾಲು’ ಅಂತ ಅದು ಹೇಳುತ್ತದೆ, ಯಾವ ಮರದಿಂದ ಯಾವ ಮರದವರೆಗೆ ಅಂತ ಹೇಳುವುದಿಲ್ಲ. ಅದಕ್ಕೆ ಎಫ್‌ಡಿಪಿ, ಅಂದರೆ ಅಂತಿಮ ಡಿಕ್ರಿಯ ಪ್ರಕ್ರಿಯೆ, ನಡೆಯಬೇಕು. ಅಳತೆ, ಅಳತೆಗೆ ತಕರಾರು, ಮತ್ತೆ ವಾಯಿದೆ. ನಡುವೆ ಅಪೀಲು ಬೇರೆ. ನಮ್ಮ ಮನೆತನದಲ್ಲೂ ಹೀಗೊಂದು ಕೇಸು ನಡೆಯಿತು. ಅಳತೆ ಗುಂಟೆ ಲೆಕ್ಕದಲ್ಲಿ ಸರಿಯಾಗೇ ಆಯಿತು. ದಾರಿಯನ್ನು ಮಾತ್ರ ಯಾರೂ ಬರೆಸಲಿಲ್ಲ. ನಮ್ಮ ದೊಡ್ಡಪ್ಪ ತಮ್ಮ ತೋಟಕ್ಕೆ ತಾವೇ ಹೋಗಲು ಎರಡನೇ ಕೇಸು ಹಾಕಬೇಕಾಯಿತು.

ತೆಂಗಿನ ತೋಟ ಅಂದರೆ ಬರೀ ನೆಲ ಅಲ್ಲ, ಅಲ್ವಾ? ಬೋರ್‌ವೆಲ್ ಅಣ್ಣನ ಪಾಲಿಗೆ ಬಿದ್ದರೆ ನಿಮ್ಮ ಮರಗಳಿಗೆ ನೀರು ಎಲ್ಲಿಂದ? ವಾರದಲ್ಲಿ ಯಾವ ದಿನ ಯಾರು ನೀರು ಬಿಡಬೇಕು, ಮೋಟಾರು ಸುಟ್ಟರೆ ಖರ್ಚು ಯಾರದ್ದು, ಕಾಯಿ ಸಾಗಿಸಲು ಗಾಡಿ ಎಲ್ಲಿಂದ ಬರಬೇಕು, ಇದನ್ನೆಲ್ಲ ಮಧ್ಯಸ್ಥಿಕೆಯಲ್ಲಿ ಕೂತು ಬರೆಸಬಹುದು. ಜಮೀನು ಬೇಡ, ದುಡ್ಡೇ ಸಾಕು ಅನ್ನಿಸಿದರೆ ಅದನ್ನೂ ಮಾತಾಡಬಹುದು.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಅವಸರದಲ್ಲಿ ಸಹಿ ಹಾಕಬೇಡಿ. ‘ಮನೆಗೆ ಹೋಗಿ ಯೋಚನೆ ಮಾಡಿ ಬರ್ತೀನಿ’ ಅನ್ನುವ ಹಕ್ಕು ನಿಮಗಿದೆ. ರಾಜಿ ಪತ್ರದ ಮೇಲೆ ಕೋರ್ಟು ಡಿಕ್ರಿ ಮಾಡಿದರೆ ಮಾಮೂಲಿನಂತೆ ಅಪೀಲು ಹೋಗಲು ಬರುವುದಿಲ್ಲ. ಸರ್ವೆ ನಂಬರು, ಚೆಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ), ನಕ್ಷೆ, ದುಡ್ಡು ಕೊಡುವ ತಾರೀಖು ಎಲ್ಲ ಅದರಲ್ಲಿರಬೇಕು. ‘ಮುಂದೆ ಅನುಕೂಲ ನೋಡಿ ಕೊಡುವುದು’ ಅನ್ನುವ ಸಾಲು ಕಂಡರೆ ಪೆನ್ನು ಕೆಳಗಿಡಿ. ಅಣ್ಣನ ಚಿಕ್ಕ ಮಕ್ಕಳೂ ಕೇಸಿನಲ್ಲಿ ಪಾರ್ಟಿ ಆಗಿದ್ದರೆ, ಅವರ ಪರವಾಗಿ ರಾಜಿಗೆ ಕೋರ್ಟಿನ ಅನುಮತಿ ಬೇಕು. ವಕೀಲರ ಫೀಸು ಕಷ್ಟವಾದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಿ. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವಿದೆ.

ಮೊದಲ ದಿನಕ್ಕೆ ಮುಂಚೆ ಯಾರನ್ನಾದರೂ ಜೊತೆಗೆ ಕರೆದುಕೊಂಡು ತೋಟಕ್ಕೆ ಹೋಗಿ ಬನ್ನಿ. ಬೋರು ಎಲ್ಲಿದೆ, ಪೈಪು ಎಲ್ಲಿ ಹಾದಿದೆ, ದಾರಿ ಎಲ್ಲಿ, ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಹಾಗೇ ಅಮ್ಮನನ್ನೂ ಮಾತಾಡಿಸಿ. ಅಪ್ಪನ ಆಸ್ತಿಯಲ್ಲಿ ಅವರಿಗೂ ಪಾಲಿದೆ. ಅವರಿಗೇನು ಬೇಕು ಅಂತ ಕೇಳಿಕೊಂಡು ಬನ್ನಿ.

— ಸಂಪಾದಕ