ಕೇಸುಗಳಿವೆ, ಕೈಯಲ್ಲಿ ಹಣವಿಲ್ಲ: ಸಣ್ಣ ವಕೀಲಿ ಕಚೇರಿಯ ಲೆಕ್ಕಾಚಾರ

ಪ್ರಶ್ನೆ: ಬಾಗಲಕೋಟೆಯ ನವನಗರದಲ್ಲಿ ನಾವಿಬ್ಬರು ವಕೀಲರು ಪಾಲುದಾರಿಕೆಯಲ್ಲಿ ಕಚೇರಿ ನಡೆಸುತ್ತಿದ್ದೇವೆ. ಇಬ್ಬರು ಜೂನಿಯರ್ ವಕೀಲರು ಮತ್ತು ಒಬ್ಬ ಕಾರಕೂನರು ನಮ್ಮ ಜೊತೆಗಿದ್ದಾರೆ. ಬಾಡಿಗೆ, ಪಗಾರ, ಟೈಪಿಂಗ್, ಪ್ರಯಾಣ ಸೇರಿ ತಿಂಗಳಿಗೆ 62 ಸಾವಿರ ರೂಪಾಯಿ ಖರ್ಚಿದೆ. ಕೇಸುಗಳಿಗೆ ಕೊರತೆಯಿಲ್ಲ, ಅರ್ಧದಷ್ಟು ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಡೆಯಾದ ಜಮೀನುಗಳ ಪರಿಹಾರ ಹೆಚ್ಚಳಕ್ಕೆ ಸಂಬಂಧಿಸಿದವು. ಪರಿಹಾರ ಬಂದ ಮೇಲೆ ಅದರಲ್ಲಿ ಶೇಕಡಾವಾರು ಫೀ ಎಂಬ ಮಾತಿನ ಮೇಲೆ ಅವುಗಳನ್ನು ನಡೆಸುತ್ತಿದ್ದೇವೆ, ಭದ್ರತೆಗೆಂದು ಕೆಲವರಿಂದ ಚೆಕ್ ಪಡೆದಿದ್ದೇವೆ. ಬಾಕಿ ಫೀ 11 ಲಕ್ಷ ರೂಪಾಯಿ ದಾಟಿದೆ. ಪಗಾರಕ್ಕೆ ಹಣ ಸಾಲದ ತಿಂಗಳಲ್ಲಿ, ಮೇಲ್ಮನವಿಯ ಕೋರ್ಟ್ ಫೀಗೆಂದು ಕಕ್ಷಿದಾರರು ಕೊಟ್ಟ ಹಣವನ್ನು ಬಳಸಿ ನಂತರ ತುಂಬೋಣ, ಬಾಕಿ ಕೊಡದವರ ಕಾಗದಪತ್ರ ತಡೆಹಿಡಿಯೋಣ ಎಂದು ನನ್ನ ಪಾಲುದಾರರು ಹೇಳುತ್ತಿದ್ದಾರೆ. ದಯವಿಟ್ಟು ದಾರಿ ತೋರಿಸಿ.
— ವಕೀಲರು, ಬಾಗಲಕೋಟೆ

ಉತ್ತರ: ನಿಮ್ಮ ತೊಂದರೆಯ ಮೂಲ ಫೀ ನಿಗದಿ ಮಾಡಿಕೊಂಡ ರೀತಿಯಲ್ಲಿದೆ. ಭೂಸ್ವಾಧೀನದ ಒಂದು ಪ್ರಕರಣ ಸಿವಿಲ್ ನ್ಯಾಯಾಲಯದಲ್ಲಿ ಸಾಕ್ಷ್ಯ, ವಾದ ಮುಗಿಸಿ ತೀರ್ಪು ಕಾಣುವ ಹೊತ್ತಿಗೆ ವರ್ಷಗಳು ಕಳೆದಿರುತ್ತವೆ. ಆಮೇಲೆ ಸರ್ಕಾರ ಹೈಕೋರ್ಟಿನ ಧಾರವಾಡ ಪೀಠಕ್ಕೆ ಮೇಲ್ಮನವಿ ಹೋಗುತ್ತದೆ, ತಡೆಯಾಜ್ಞೆ ಬರುತ್ತದೆ, ಒಂದಿಷ್ಟು ಮೊತ್ತ ಠೇವಣಿಯಾಗುತ್ತದೆ, ಉಳಿದದ್ದಕ್ಕೆ ದರಖಾಸ್ತು, ಅಂದರೆ ತೀರ್ಪಿನ ಹಣ ವಸೂಲಿಯ ಅರ್ಜಿ, ಹಾಕಬೇಕಾಗುತ್ತದೆ. ಅಲ್ಲಿಯವರೆಗೆ ನಿಮ್ಮ ಕಾರಕೂನರಿಗೆ ಪ್ರತಿ ತಿಂಗಳು ಪಗಾರ ಕೊಡುತ್ತಿರುವವರು ನೀವು. ಪರಿಹಾರ ಬಂದಾಗ ಫೀ ಎಂಬ ಒಪ್ಪಂದ ಮಾಡಿಕೊಂಡ ವಕೀಲ ಸರ್ಕಾರದ ವಿಳಂಬದ ಖರ್ಚನ್ನು ತನ್ನ ಮನೆಯ ದುಡ್ಡಿನಿಂದ ಭರಿಸಲು ಒಪ್ಪಿಕೊಂಡಂತೆಯೇ. ಇನ್ನೂ ಇಪ್ಪತ್ತು ಕೇಸು ಬಂದರೆ ಈ ಕೊರತೆ ಹೆಚ್ಚುತ್ತದೆಯೇ ಹೊರತು ತಗ್ಗುವುದಿಲ್ಲ.

ಇದಕ್ಕಿಂತ ಗಂಭೀರವಾದ ಸಂಗತಿ ಇನ್ನೊಂದಿದೆ. ವ್ಯಾಜ್ಯದ ಫಲಿತಾಂಶಕ್ಕೆ ಹೊಂದಿಕೊಂಡ ಫೀಯನ್ನಾಗಲಿ, ಬಂದ ಮೊತ್ತದಲ್ಲಿ ಪಾಲನ್ನಾಗಲಿ ವಕೀಲರು ಗೊತ್ತುಮಾಡಿಕೊಳ್ಳುವಂತಿಲ್ಲ ಎಂದು ಭಾರತೀಯ ವಕೀಲರ ಪರಿಷತ್ತಿನ ನಿಯಮಗಳು ಸ್ಪಷ್ಟವಾಗಿ ಹೇಳುತ್ತವೆ. ಬಿ. ಸುನೀತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2017ರ ಡಿಸೆಂಬರಿನಲ್ಲಿ ಇದನ್ನೇ ಎತ್ತಿಹಿಡಿಯಿತು. ಅಪಘಾತ ಪರಿಹಾರದ ಶೇಕಡಾವಾರು ಲೆಕ್ಕದಲ್ಲಿ ವಕೀಲರು ಪಡೆದಿದ್ದ ಚೆಕ್ಕಿನ ಮೇಲೆ ಹೂಡಿದ್ದ ಚೆಕ್ ಅಮಾನ್ಯ ಮೊಕದ್ದಮೆಯನ್ನು ನ್ಯಾಯಾಲಯ ರದ್ದುಪಡಿಸಿತು. ಆದ್ದರಿಂದ ನಿಮ್ಮ ಕಪಾಟಿನಲ್ಲಿರುವ ಚೆಕ್ಕುಗಳು ನಿಮಗೆ ಭದ್ರತೆಯಲ್ಲ, ಶಿಸ್ತುಕ್ರಮಕ್ಕೆ ಸಾಕ್ಷ್ಯ. ಅವುಗಳನ್ನು ಈ ತಿಂಗಳೇ ಮರಳಿಸಿ, ಮರಳಿಸಿದ್ದಕ್ಕೆ ಸಹಿ ಪಡೆಯಿರಿ. ಮುಳುಗಡೆ ಪ್ರದೇಶದಲ್ಲಿ ಎಲ್ಲರೂ ಹೀಗೆಯೇ ಮಾಡುತ್ತಾರೆ ಎಂಬ ಮಾತು ಪರಿಷತ್ತಿನ ಮುಂದೆ ನಿಲ್ಲುವುದಿಲ್ಲ, ಮತ್ತು ಹೊಲ ಮನೆ ಎರಡನ್ನೂ ನೀರಿಗೆ ಬಿಟ್ಟುಕೊಟ್ಟ ಕುಟುಂಬದ ಪರಿಹಾರದಲ್ಲಿ ಪಾಲು ಕೇಳುವುದು ಸರಿಯಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮಾಡಿದ ಕೆಲಸಕ್ಕೆ ನ್ಯಾಯವಾದ ಫೀ ಕೇಳುವ ಹಕ್ಕು ಮಾತ್ರ ನಿಮಗೆ ಇದ್ದೇ ಇದೆ. ಪ್ರತಿಯೊಬ್ಬ ಕಕ್ಷಿದಾರರನ್ನೂ ಕರೆಸಿ, ಈವರೆಗಿನ ಕೆಲಸಕ್ಕೆ ಇಷ್ಟು, ಸಾಕ್ಷ್ಯಕ್ಕೆ ಇಷ್ಟು, ವಾದಕ್ಕೆ ಇಷ್ಟು, ದರಖಾಸ್ತಿಗೆ ಇಷ್ಟು ಎಂದು ನಿಶ್ಚಿತ ಮೊತ್ತಗಳನ್ನು ಕನ್ನಡದಲ್ಲಿ ಒಂದು ಪುಟದಲ್ಲಿ ಬರೆದು, ಇಬ್ಬರೂ ಸಹಿ ಹಾಕಿ, ಒಂದು ಪ್ರತಿ ಅವರಿಗೆ ಕೊಡಿ. ಮೇಲ್ಮನವಿಗೆ ಧಾರವಾಡದ ವಕೀಲರ ಫೀ ಬೇರೆ ಎಂಬುದೂ ಅದರಲ್ಲಿ ಇರಲಿ, ಏಕೆಂದರೆ ಜಗಳಗಳು ಹೆಚ್ಚಾಗಿ ಹುಟ್ಟುವುದು ಅಲ್ಲಿಯೇ. ಕಂತುಗಳ ದಿನಾಂಕ ಗೊತ್ತುಮಾಡುವಾಗ ಕೋರ್ಟಿನ ತಾರೀಖು ನೋಡಬೇಡಿ, ರೈತನ ಕೈಗೆ ದುಡ್ಡು ಬರುವ ಕಾಲ ನೋಡಿ. ಮುಧೋಳ, ಜಮಖಂಡಿ ಕಡೆಯ ಕಬ್ಬು ಬೆಳೆಗಾರರಿಗೆ ಜೂನ್ ತಿಂಗಳಲ್ಲಿ ಫೀ ಕೇಳಿದರೆ ಅವರು ಬೀಜ ಗೊಬ್ಬರಕ್ಕೇ ಕೈಗಡ ಮಾಡುತ್ತಿರುತ್ತಾರೆ. ಕಬ್ಬು ಪೂರೈಸಿದ 14 ದಿನಗಳೊಳಗೆ ಕಾರ್ಖಾನೆ ಬಿಲ್ ಪಾವತಿಸಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳಿದರೂ ತಡವಾಗುವುದನ್ನು ನಾವೆಲ್ಲ ಬಲ್ಲೆವು. ಹೀಗಾಗಿ ಕಬ್ಬು ಕಳಿಸಿದ ಮೇಲೆ ಒಂದೆರಡು ತಿಂಗಳು ಬಿಟ್ಟು ದೊಡ್ಡ ಕಂತು ಇಡಿ. ತೊಗರಿ, ಕಡಲೆ ಬೆಳೆಯುವವರಿಗೆ ರಾಶಿ ಮುಗಿದ ನಂತರ ಇಡಿ.

ಬಾಕಿಯಿರುವ 11 ಲಕ್ಷವನ್ನು ಒಂದೇ ಮೊತ್ತವಾಗಿ ನೋಡಬೇಡಿ. ಅದರಲ್ಲಿ ಶೇಕಡಾವಾರು ಲೆಕ್ಕ ಹಿಡಿದು ಬರೆದುಕೊಂಡದ್ದು ಎಷ್ಟಿದೆಯೋ ಅಷ್ಟನ್ನು ಮೊದಲು ಹೊಡೆದುಹಾಕಿ, ಆಗಿರುವ ಕೆಲಸದ ಮೇಲೆ ಹೊಸದಾಗಿ ಲೆಕ್ಕ ಮಾಡಿ. ಉಳಿದದ್ದರಲ್ಲಿ ಯಾವುದು ವಸೂಲಿ ದಾವೆಗಿರುವ ಮೂರು ವರ್ಷದ ಕಾಲಮಿತಿಯ ಅಂಚಿನಲ್ಲಿದೆ ಎಂದು ಗುರುತಿಸಿ, ಅವಧಿ ಮುಗಿಯುವ ಮೊದಲೇ ಬಾಕಿ ಒಪ್ಪಿಕೊಂಡ ಸಹಿಯುಳ್ಳ ಬರಹ ಪಡೆದರೆ ಕಾಲಮಿತಿ ಹೊಸದಾಗಿ ಆರಂಭವಾಗುತ್ತದೆ. ಇತರರಿಗೆ ದಿನವೂ ಹೇಳುವ ಈ ಕಾನೂನನ್ನು ವಕೀಲರು ತಮ್ಮ ಬಾಕಿಗೆ ಅನ್ವಯಿಸಿಕೊಳ್ಳುವುದು ಅಪರೂಪ. ನಿಮ್ಮ ಪಾಲುದಾರಿಕೆ ನೋಂದಣಿಯಾಗಿಲ್ಲದಿದ್ದರೆ, 1932ರ ಪಾಲುದಾರಿಕೆ ಕಾಯ್ದೆಯ 69ನೇ ಕಲಮಿನಂತೆ ಸಂಸ್ಥೆಯ ಹೆಸರಿನಲ್ಲಿ ವಸೂಲಿಗೆ ದಾವೆ ಹೂಡಲೂ ಬರುವುದಿಲ್ಲ, ನೋಂದಣಿ ಮಾಡಿಸಿಕೊಳ್ಳಿ. ಹಾಗಿದ್ದರೂ ಕಕ್ಷಿದಾರನ ಮೇಲೆ ದಾವೆ ಕೊನೆಯ ಉಪಾಯವಾಗಿರಲಿ. ಎದುರು ಕೂಡಿಸಿಕೊಂಡು ಮಾತನಾಡಿ, ಸ್ವಲ್ಪ ಬಿಟ್ಟು ಉಳಿದದ್ದನ್ನು ಕಂತಿನಲ್ಲಿ ಪಡೆಯುವುದರಿಂದ ಬರುವ ಹಣವೇ ಹೆಚ್ಚು.

ಕೋರ್ಟ್ ಫೀ ಹಣದ ವಿಷಯದಲ್ಲಿ ನಿಮ್ಮ ಪಾಲುದಾರರ ಮಾತನ್ನು ಯಾವ ಕಾರಣಕ್ಕೂ ಒಪ್ಪಬೇಡಿ. ಅದು ಕಕ್ಷಿದಾರರ ಹಣ. ಬಂದ ಹಣ ಫೀಗೆ ಬಂದಿತೋ ಖರ್ಚಿಗೆ ಬಂದಿತೋ ಎಂದು ಲೆಕ್ಕದಲ್ಲಿ ನಮೂದಿಸಬೇಕು, ಕೇಳಿದಾಗ ಲೆಕ್ಕದ ಪ್ರತಿ ಕೊಡಬೇಕು, ಕೈಯಲ್ಲಿರುವ ಅವರ ಹಣವನ್ನು ಸಾಲವಾಗಿ ಮಾರ್ಪಡಿಸಿಕೊಳ್ಳಬಾರದು ಎಂದು ಪರಿಷತ್ತಿನ ನಿಯಮಗಳಿವೆ. ತುಂಬುವ ದಿನ ಒಂದು ವಾರ ತಪ್ಪಿ ಮೇಲ್ಮನವಿಯ ಅವಧಿ ಮೀರಿದರೆ, ಮುಳುಗುವುದು ಆ ರೈತನ ಹಕ್ಕು. ಬ್ಯಾಂಕಿನಲ್ಲಿ ಪ್ರತ್ಯೇಕ ಖಾತೆ ತೆರೆದು ಕಕ್ಷಿದಾರರ ಹಣವನ್ನೆಲ್ಲ ಅಲ್ಲಿಡಿ; ಅದರಿಂದ ಪಗಾರ, ಬಾಡಿಗೆ ಎಂದಿಗೂ ಹೋಗಕೂಡದು. ಕಾಗದಪತ್ರ ತಡೆಹಿಡಿಯುವ ಪ್ರಶ್ನೆಯೂ ಇತ್ಯರ್ಥವಾಗಿದೆ: ಫೀ ಬಾಕಿಯೆಂದು ಕಕ್ಷಿದಾರರ ಕಡತ ಇಟ್ಟುಕೊಳ್ಳುವ ಹಕ್ಕು ವಕೀಲರಿಗಿಲ್ಲ ಎಂದು ಆರ್.ಡಿ. ಸಕ್ಸೇನಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2000ದಲ್ಲಿಯೇ ತೀರ್ಪು ನೀಡಿದೆ.

ಇನ್ನು ತಿಂಗಳ ಖರ್ಚು. ವರ್ಷಕ್ಕೆ 7 ಲಕ್ಷ 44 ಸಾವಿರ ರೂಪಾಯಿ ಆಗುತ್ತದೆ. ಮೇ ತಿಂಗಳ ಬೇಸಿಗೆ ರಜೆಯಲ್ಲಿ ಸಿವಿಲ್ ಕೆಲಸ ಬಹುಮಟ್ಟಿಗೆ ನಿಲ್ಲುವುದರಿಂದ ಅಷ್ಟನ್ನೂ ಹನ್ನೊಂದು ತಿಂಗಳಲ್ಲಿ ದುಡಿಯಬೇಕು, ಅಂದರೆ ತಿಂಗಳಿಗೆ ಸುಮಾರು 67,600. ನೀವಿಬ್ಬರೂ ಮನೆಗೆ ಒಯ್ಯುವ ಹಣ ಇದರ ಹೊರಗಿನದು. ಈ ಮೊತ್ತವನ್ನು ಪರಿಹಾರದ ಕೇಸುಗಳಿಂದ ನಿರೀಕ್ಷಿಸದೆ ಬ್ಯಾಂಕು ಮತ್ತು ಸೌಹಾರ್ದ ಸಹಕಾರಿಗಳಿಗೆ ಜಮೀನಿನ ಹಕ್ಕುಪತ್ರ ಪರಿಶೀಲಿಸಿ ಅಭಿಪ್ರಾಯ ಕೊಡುವುದು, ವಾಟ್ನಿಪತ್ರ (ಆಸ್ತಿ ವಿಭಾಗದ ಪತ್ರ), ಖರೀದಿಪತ್ರ, ನೋಟಿಸು ಬರೆಯುವುದು ಮುಂತಾದ, ಕೆಲಸ ಮುಗಿದ ಕೂಡಲೇ ಹಣ ಬರುವ ಕೆಲಸಗಳಿಂದ ತುಂಬಿಸಿ. ಉತಾರ (ಪಹಣಿ), ಫೇರ್‌ಫಾರ (ಹಕ್ಕು ಬದಲಾವಣೆಯ ದಾಖಲೆ) ತೆಗೆಸಿ ಓದುವ ಈ ಕೆಲಸವನ್ನು ಜೂನಿಯರುಗಳು ಬೇಗ ಕಲಿಯುತ್ತಾರೆ. ಅವರ ಭತ್ಯೆಯನ್ನು ಕಡಿತ ಮಾಡಿ ಹಣ ಉಳಿಸುವ ಯೋಚನೆ ಬೇಡ. ಗ್ರಾಮೀಣ ಭಾಗದಲ್ಲಿ ತಿಂಗಳಿಗೆ 15 ಸಾವಿರ, ನಗರದಲ್ಲಿ 20 ಸಾವಿರ ಕೊಡಬೇಕೆಂದು ಪರಿಷತ್ತು 2024ರ ಅಕ್ಟೋಬರಿನಲ್ಲಿ ಶಿಫಾರಸು ಮಾಡಿದೆ. ಅದು ಕಡ್ಡಾಯವಲ್ಲದಿದ್ದರೂ, ಹಳ್ಳಿಯಿಂದ ಬಂದು ರೂಮು ಮಾಡಿಕೊಂಡಿರುವ ಹುಡುಗ ಹುಡುಗಿಯರು ಈ ವೃತ್ತಿಯಲ್ಲಿ ಉಳಿಯುವುದು ಅಥವಾ ಬಿಡುವುದು ಆ ಹಣದ ಮೇಲೆಯೇ ನಿಂತಿದೆ.

ಪ್ರಶ್ನೆ: ನಾನು ವಿಜಯಪುರದಲ್ಲಿ ಒಬ್ಬನೇ ವಕೀಲಿ ಮಾಡುತ್ತೇನೆ. ಬ್ಯಾಂಕು ನನ್ನ ಫೀಯಲ್ಲಿ ಶೇ 10 ಕಡಿದುಕೊಂಡು ಕೊಡುತ್ತದೆ. ನಾನು ಜಿಎಸ್‌ಟಿ ಕೂಡ ಕಟ್ಟಬೇಕೇ?
— ವಕೀಲರು, ವಿಜಯಪುರ

ಉತ್ತರ: ವಕೀಲಿ ಫೀಗೆ ನೀವು ಜಿಎಸ್‌ಟಿ ಕಟ್ಟಬೇಕಿಲ್ಲ. ಸಾಮಾನ್ಯ ಕಕ್ಷಿದಾರರಿಗೆ ನೀಡುವ ಸೇವೆಗೆ ವಿನಾಯಿತಿ ಇದೆ. ಕಕ್ಷಿದಾರರು ನಿಗದಿತ ವಹಿವಾಟು ಮೀರಿದ ವ್ಯಾಪಾರ ಸಂಸ್ಥೆಯಾಗಿದ್ದರೆ ತೆರಿಗೆಯನ್ನು ಅವರೇ ನೇರವಾಗಿ ಸರ್ಕಾರಕ್ಕೆ ತುಂಬುತ್ತಾರೆ. ಬ್ಯಾಂಕು ಕಡಿದದ್ದು ಆದಾಯ ತೆರಿಗೆಯ ಮುಂಗಡ, ಅದು ನಿಮ್ಮದೇ ಹಣ. ವರ್ಷದ ಒಟ್ಟು ಸ್ವೀಕೃತಿ 50 ಲಕ್ಷ ರೂಪಾಯಿ ಮೀರದಿದ್ದರೆ, ಅದರ ಅರ್ಧವನ್ನು ಆದಾಯವೆಂದು ತೋರಿಸುವ ಅಂದಾಜು ಪದ್ಧತಿಯನ್ನು ನೀವು ಆಯ್ದುಕೊಳ್ಳಬಹುದು. ಹಾಗೆ ಮಾಡಿದಾಗ ಸಣ್ಣ ಕಚೇರಿಗಳ ತೆರಿಗೆ ಹಲವು ಬಾರಿ ಶೂನ್ಯಕ್ಕಿಳಿದು, ಕಡಿತವಾದ ಹಣ ಪೂರ್ತಿ ಮರಳುತ್ತದೆ. ರಿಟರ್ನ್ ಸಲ್ಲಿಸದ ಕಾರಣಕ್ಕೇ ಎಷ್ಟೋ ವಕೀಲರು ಅದನ್ನು ಕಳೆದುಕೊಳ್ಳುತ್ತಾರೆ. ಫಾರಂ 26ಎಎಸ್ ತೆಗೆಸಿ ಬ್ಯಾಂಕು ಕಡಿದ ಮೊತ್ತ ನಿಮ್ಮ ಪ್ಯಾನ್ ಸಂಖ್ಯೆಗೇ ಜಮೆಯಾಗಿದೆಯೇ ನೋಡಿ, ಆಗಿಲ್ಲದಿದ್ದರೆ ಶಾಖೆಗೆ ಲಿಖಿತವಾಗಿ ಬರೆದು ಸರಿಪಡಿಸಿಕೊಂಡು, ಗಡುವಿನೊಳಗೆ ರಿಟರ್ನ್ ಸಲ್ಲಿಸಿ.