ಮಗಳನ್ನು ವಾಲಿಬಾಲ್ ಕ್ಲಬ್‌ಗೆ ಸೇರಿಸುವ ಮುನ್ನ ಏನು ನೋಡಬೇಕು?

ಶುಲ್ಕ ಕಟ್ಟುವ ಮೊದಲು ಒಂದು ಸಂಜೆ ಅಂಗಳದ ಬದಿಯಲ್ಲಿ ಕುಳಿತು ಅಭ್ಯಾಸ ನೋಡಿ. ಯಾವುದಾದರೂ ಒಂದು ಮಗುವನ್ನು ಗುರುತಿಟ್ಟುಕೊಂಡು, ಹತ್ತು ನಿಮಿಷದಲ್ಲಿ ಅದರ ಕೈಗೆ ಚೆಂಡು ಎಷ್ಟು ಸಲ ತಾಗಿತು ಎಂದು ಎಣಿಸಿ. ಕಪಾಟಿನಲ್ಲಿರುವ ಟ್ರೋಫಿಗಳಿಗಿಂತ ನಾನು ಈ ಲೆಕ್ಕವನ್ನೇ ನಂಬುತ್ತೇನೆ.

ವಾಲಿಬಾಲ್‌ನಲ್ಲಿ ಚೆಂಡನ್ನು ಹಿಡಿದು ನಿಲ್ಲುವಂತಿಲ್ಲ. ಅದು ಬಂದು ತಾಗುವ ಮೊದಲೇ ಪಾದ ಸರಿದು, ಮಂಡಿ ಬಾಗಿ, ಎರಡೂ ಮುಂಗೈಗಳು ಹಲಗೆಯಂತೆ ಜೋಡಿಯಾಗಿರಬೇಕು. ಈ ಅಂದಾಜು ನೂರಾರು ಸಲ ಚೆಂಡು ಮುಟ್ಟಿದ ಮೇಲಷ್ಟೇ ಮೈಗೆ ಹತ್ತುತ್ತದೆ. ಹನ್ನೆರಡು ಮಕ್ಕಳಿಗೆ ಒಂದೇ ಚೆಂಡು ಕೊಟ್ಟು ಪಂದ್ಯ ಆಡಿಸಿದರೆ, ಹಿಂದಿನ ಸಾಲಿನ ಹುಡುಗಿ ಗಂಟೆಗಟ್ಟಲೆ ಸುಮ್ಮನೆ ನಿಂತಿರುತ್ತಾಳೆ. ಇಬ್ಬರಿಗೊಂದು ಚೆಂಡು ಕೊಟ್ಟು ಆಡಿಸುವ ಕಡೆ ಸೇರಿಸಿ.

ನೆಟ್ಟನ್ನೂ ಗಮನಿಸಿ. 2.24 ಮೀಟರ್ ಎಂಬುದು ವಯಸ್ಕ ಮಹಿಳೆಯರ ಪಂದ್ಯದಲ್ಲಿ ನೆಟ್ಟಿನ ಎತ್ತರ. ಹತ್ತು ವರ್ಷದವರಿಗೆ ಅದನ್ನು ಇಳಿಸದಿದ್ದರೆ ಮಕ್ಕಳು ಹೇಗಾದರೂ ದಾಟಿಸಲು ಚೆಂಡನ್ನು ಬೀಸಿ ಹೊಡೆಯುವ ಚಾಳಿ ಕಲಿಯುತ್ತಾರೆ. ಕಾಂಕ್ರೀಟ್ ನೆಲದ ಮೇಲೆ ದಿನವೂ ಜಿಗಿಸುವುದು ಬೇಡವೇ ಬೇಡ. ಮಂಡಿ ನೋವು ಎಂದ ಮಗುವನ್ನು ತರಬೇತುದಾರರು ಕೂರಿಸಿ ವಿಚಾರಿಸುತ್ತಾರೋ, ಗದರಿಸುತ್ತಾರೋ ಎಂದು ಅಲ್ಲಿನ ಇತರ ಪೋಷಕರನ್ನು ಕೇಳಿ.